ಎಷ್ಟು ರೊಟ್ಟಿ ಸುಡಲಿ

ಶನಿವಾರ ಮಬ್ಬಾಗುವ ಹೊತ್ತಿಗೆ ಬಂದ ಹಿರಿಯ ಹೂಬ್ರೆಕ್ಟ್,
ನೆನೆದ ಕರಿ ಟೋಪಿಯನ್ನು ಎದೆಗೊತ್ತಿಕೊಂಡು.
"ನಾಳೆ ಕರ್ತನ ಭೋಜನ, ಕ್ರೈನ್. ಬಿಳಿ ರೊಟ್ಟಿ. ಒಂದು ಸಾಕು."

ಒಂದು ಸಾಕು.
ಏಳುನೂರು ಜನ ಹಾಡುವ ಚರ್ಚಿನಲ್ಲಿ
ಮೇಜಿಗೆ ಏಳುವವರು ಒಂಬತ್ತು.
ಹೋದ ವರ್ಷ ಹನ್ನೊಂದು. ಇಬ್ಬರನ್ನು ಮಣ್ಣಿಗಿಟ್ಟೆವು,
ಅವರ ಜಾಗ ಹಾಗೇ ಇದೆ, ಹಲ್ಲು ಬಿದ್ದ ಒಸಡಿನ ಹಾಗೆ.
ಮಿಕ್ಕವರು ಬೆಂಚಿನಲ್ಲೇ ಕೂತು
ರೊಟ್ಟಿ ಮುರಿಯುವ ಸದ್ದು ಕೇಳುತ್ತೇವೆ.
ಮೂವತ್ತೊಂದು ವರ್ಷದಿಂದ ಅದನ್ನು ಸುಡುತ್ತಿದ್ದೇನೆ ನಾನು,
ನಾಲಿಗೆಗೆ ಮಾತ್ರ ಅದರ ಪರಿಚಯವಿಲ್ಲ.

ಉಳಿದದ್ದು ಸೋಮವಾರ, ಗಂಟೆ ಹೊಡೆಯುವವನ ಕೋಳಿಗಳಿಗೆ.
ಕೋಳಿಗಳು ಗುರುತು ಕೇಳುವುದಿಲ್ಲ.

ನಮ್ಮೂರು ಕಡಲಿಗಿಂತ ಒಂದಾಳು ತಗ್ಗಿನಲ್ಲಿದೆ.
ಹಡಗುಗಳು ನಮ್ಮ ಸೂರಿಗಿಂತ ಎತ್ತರದಲ್ಲಿ ಸಾಗುತ್ತವೆ.
ಝೀಲಾಂಡಿನಲ್ಲಿ ಹುಟ್ಟಿದವನಿಗೆ
ಒಳಗು, ಹೊರಗು ಅನ್ನುವುದು ಬರೀ ಮಾತಲ್ಲ.

ನನ್ನ ಹೆಂಡತಿ ಯಾಕೊಮಿನಾ ನದಿಯಾಚೆಯವಳು,
ಮೆನ್ನೊನೈಟರ ಮನೆಯವಳು. ನಾದುತ್ತ ನಾದುತ್ತ ಅಂದಳು:
"ಲೋಕಕ್ಕಾಗಿ ಅಂತಲ್ಲವೆ ಬರೆದದ್ದು?
ಲೋಕ ಅಂದರೆ ಒಂಬತ್ತು ಜನವೆ, ಹಿರಿಯರೆ?"

ಹೂಬ್ರೆಕ್ಟ್ ಸಿಟ್ಟಾಗಲಿಲ್ಲ. ಅವನಿಗೆ ಸಿಟ್ಟು ಬರುವುದೇ ಇಲ್ಲ;
ಒಡ್ಡಿನ ಕಲ್ಲು ಪರೀಕ್ಷಿಸುವ ಕೆಲಸದವನು,
ಪ್ರತಿ ಮಾತನ್ನೂ ಒಮ್ಮೆ ತಟ್ಟಿ ನೋಡಿ ಇಡುತ್ತಾನೆ.
"ಅನೇಕರಿಗಾಗಿ ಅಂತಲೂ ಬರೆದಿದೆ, ತಾಯಿ.
ಯೋಚಿಸು. ಎಲ್ಲರ ಸಾಲವೂ ತೀರಿದ್ದರೆ
ನರಕದಲ್ಲಿರುವವನ ಬಳಿ ದೇವರು ಏನು ಕೇಳುತ್ತಾನೆ?
ತೀರಿದ್ದನ್ನೇ ಎರಡನೇ ಸಲ?
ನಿನ್ನ ಗಂಡನೂ ಹಾಗೆ ವಸೂಲಿ ಮಾಡುವುದಿಲ್ಲ.
ಒಂದು ಹನಿ ರಕ್ತವೂ ಪೋಲಾಗಲಿಲ್ಲ,
ಅದೊಂದೇ ನನಗಿರುವ ಸಮಾಧಾನ."

"ಒಡ್ಡು ಕಟ್ಟಿದಾಗ," ಅಂದಳು ಹಿಟ್ಟನ್ನು ಮಗುಚಿ,
"ಒಳಗೆ ಯಾರ್ಯಾರು ಮಲಗಿದ್ದಾರೆ ಅಂತ ಎಣಿಸಿದ್ದಿರಾ?"
"ಒಡ್ಡಿಗೂ ಒಂದು ಹೊರಗಿದೆ," ಅಂದ ಮೆಲ್ಲಗೆ.

ಒಲೆಯ ಬಾಗಿಲು ತೆರೆದೆ. ಮೂವರ ಮುಖಕ್ಕೂ
ಬಿಸಿ ಬಡಿಯಿತು. ವಾದ ಅಲ್ಲಿಗೇ ಮುಗಿಯಬಹುದಿತ್ತು.

ನಾನೇ ಕೆದಕಿದೆ. ಯಾಕೋ.
"ಹೂಬ್ರೆಕ್ಟ್, ತಟ್ಟೆ ಹಿಡಿದು ಮೇಜಿನ ಸುತ್ತ ನಡೆಯುವವನು ನೀನು.
ಆ ಒಂಬತ್ತರಲ್ಲಿ ನಿನ್ನನ್ನು ನಾನೆಂದೂ ಎಣಿಸಿಲ್ಲವಲ್ಲ."

ಅವನು ಟೋಪಿಯನ್ನು ತಿರುಗಿಸಿದ, ಅಂಚಿನುದ್ದಕ್ಕೂ,
ಬಿರುಕು ಹುಡುಕುವವನ ಹಾಗೆ.
"ನನಗಿನ್ನೂ ಕರೆ ಕೇಳಿಸಿಲ್ಲ," ಅಂದ.
"ಅರವತ್ತೆಂಟಾಯಿತು. ಕಿವಿಗೊಟ್ಟೇ ಇದ್ದೇನೆ."
ಆಮೇಲೆ, ನಮಗಲ್ಲ, ಒಲೆಗೆ ಹೇಳಿದ ಹಾಗೆ:
"ನಾನು ಒಳಗಿಲ್ಲ ಅಂತ ಗೋಡೆ ಸುಳ್ಳಾಗುವುದಿಲ್ಲ."

ಯಾಕೊಮಿನಾಳ ಬಳಿ ಉತ್ತರವಿತ್ತು, ನನಗೆ ಗೊತ್ತು,
ಅವಳ ಬಳಿ ಯಾವಾಗಲೂ ಇರುತ್ತದೆ.
ಮೊಣಕೈವರೆಗೆ ಹಿಟ್ಟು; ಸುಮ್ಮನೆ ನಿಂತಳು.
ಎಲ್ಲರಿಗೂ ಅನ್ನುವ ನಾನೂ ಬೆಂಚು ಬಿಟ್ಟು ಎದ್ದವನಲ್ಲ,
ಅದನ್ನೂ ಅವಳು ಬಲ್ಲಳು.

ಹೊರಡುವಾಗ ಮನೆಗೆಂದು ಒಂದು ಕಂದು ರೊಟ್ಟಿ ಕೊಂಡ.
"ದುಡ್ಡು ಬೇಡ," ಅಂದಳು.
ಬೇಡವೆಂದರೂ ಎಣಿಸಿಟ್ಟ, ಸೆಂಟಿಗೆ ಸೆಂಟು,
ಹಲಗೆಯ ಹಿಟ್ಟಿನಲ್ಲಿ ಒಂದೊಂದೂ ಗುಂಡಗೆ ಅಚ್ಚೊತ್ತಿತು.

ಕಿಟಕಿಯಿಂದ ನೋಡಿದೆ. ಒಡ್ಡಿನ ತಿರುವಿನಲ್ಲಿ, ಮಳೆಯಲ್ಲಿ,
ಯಾರಿಗೂ ಕಾಣುತ್ತಿಲ್ಲವೆಂದುಕೊಂಡು ನಿಂತ,
ಕೋಟಿನೊಳಗೆ ಕೈ ಹಾಕಿ ರೊಟ್ಟಿಯ ತುದಿ ಮುರಿದ.
ಬಿಸಿಯಿತ್ತೇನೋ, ಬಾಯಲ್ಲಿ ಅತ್ತಿತ್ತ ಹೊರಳಿಸಿ
ತಿಂದ. ಮತ್ತೊಂದು ತುಂಡು ಮುರಿದ.

"ಎಷ್ಟು ಸುಡಲಿ ನಾಳೆಗೆ?" ಅಂದೆ ತಿರುಗಿ.
ಯಾಕೊಮಿನಾ ಹಿಟ್ಟಿನ ಮೂಟೆಯ ಬಾಯಿ ಬಿಚ್ಚುತ್ತಿದ್ದಳು.